ಮದುವೆಯಾಗ್ತೀನಿ ಅಂತ ನಂಬಿಸಿ ಕೈಕೊಟ್ಟ: ಕೇಸು ನಿಲ್ಲುತ್ತಾ?

ಪ್ರಶ್ನೆ: ನಾನು ಹಾಸನ ಕಡೆಯವಳು, ವಯಸ್ಸು 29. ಬೆಂಗಳೂರಿನ ಒಂದು ಖಾಸಗಿ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಕೆಲಸ. 2021ರ ಕೊನೆಯಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಹುಡುಗನ ಜೊತೆ ಪ್ರೀತಿಯಾಯಿತು. ಜಾತಿ ಬೇರೆ. "ಮನೆಯವರನ್ನ ಒಪ್ಪಿಸ್ತೀನಿ, ಮದುವೆ ಅಂತ ಆದ್ರೆ ನಿನ್ನನ್ನೇ" ಅನ್ನುತ್ತಿದ್ದ. 2023ರಲ್ಲಿ ತನ್ನ ತಾಯಿಗೂ ನನ್ನನ್ನು ಪರಿಚಯ ಮಾಡಿಸಿದ. ಆ ನಂಬಿಕೆಯಲ್ಲಿ ದೈಹಿಕ ಸಂಬಂಧವೂ ಇತ್ತು. 2022ರ ಆಗಸ್ಟ್‌ನಲ್ಲಿ ಅವನ ಅಕ್ಕನ ಮದುವೆಗೆ ಒಂದೂವರೆ ಲಕ್ಷ ಕೊಟ್ಟೆ. 2025ರ ಫೆಬ್ರವರಿಯಲ್ಲಿ "ನಮ್ಮಿಬ್ಬರ ಹೆಸರಲ್ಲಿ ಸೈಟ್ ತಗೊಳ್ಳೋಣ" ಅಂದ. ನನ್ನ ಹೆಸರಲ್ಲಿ 3 ಲಕ್ಷ ಪರ್ಸನಲ್ ಲೋನ್ ತೆಗೆದು ಕೊಟ್ಟೆ. ನನ್ನ ಚಿನ್ನದ ಸರ ಅವನು ಗಿರವಿ ಇಟ್ಟಿದ್ದಾನೆ. 2025ರ ಸೆಪ್ಟೆಂಬರ್‌ನಲ್ಲಿ ನಂಬರ್ ಬ್ಲಾಕ್ ಮಾಡಿದ. ಈಗ ಅವನ ಮದುವೆ ಗೊತ್ತಾಗಿದೆ. ಆ ಹುಡುಗಿಗೆ 2024ರ ನವೆಂಬರ್‌ನಲ್ಲೇ ಹೂ ಮುಡಿಸಿದ್ದರು ಅಂತ ಅವನ ಸಂಬಂಧಿಕರ ಫೇಸ್‌ಬುಕ್ ಫೋಟೊ ನೋಡಿ ತಿಳಿಯಿತು. ಕೇಳಲು ಹೋದರೆ "ಜಾಸ್ತಿ ಮಾತಾಡಿದ್ರೆ ನಿನ್ನ ಫೋಟೊ ಎಲ್ಲರಿಗೂ ಹೋಗುತ್ತೆ" ಅಂತ ಬೇರೆ ನಂಬರ್‌ನಿಂದ ಮೆಸೇಜ್ ಮಾಡಿದ. ಕೇಸ್ ಹಾಕಬಹುದಾ? ದುಡ್ಡು ವಾಪಸ್ ಬರುತ್ತಾ? ಮದುವೆ ನಿಲ್ಲಿಸಬಹುದಾ? ಮನೆಯಲ್ಲಿ ಇನ್ನೂ ಹೇಳಿಲ್ಲ.

ಉತ್ತರ: ನೀವು ಕೊನೆಯಲ್ಲಿ ಬರೆದದ್ದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಫೋಟೊ ಬೆದರಿಕೆ. ಉಳಿದದ್ದಕ್ಕೆ ಒಂದು ವಾರ ಯೋಚನೆ ಮಾಡಬಹುದು, ಇದಕ್ಕೆ ಆಗುವುದಿಲ್ಲ.

ಆ ಮೆಸೇಜನ್ನು ಅಳಿಸಬೇಡಿ, ಉತ್ತರವನ್ನೂ ಕೊಡಬೇಡಿ. ನಂಬರ್ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ. ಬೆದರಿಕೆ ಹಾಕಿದ್ದೇ ಒಂದು ಅಪರಾಧ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 351 ಅದಕ್ಕೇ ಇರುವುದು. ಫೋಟೊ ನಿಜಕ್ಕೂ ಹೊರಗೆ ಹೋದರೆ ಸೆಕ್ಷನ್ 77 ಬರುತ್ತದೆ. ಐಟಿ ಕಾಯ್ದೆಯ 66ಇ, 67ಎ ಕೂಡ ಸೇರುತ್ತವೆ. 67ಎ ಅಡಿಯಲ್ಲಿ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ ಆಗಬಹುದು. "ತೆಗೆಯುವಾಗ ನಾನೇ ಒಪ್ಪಿದ್ದೆನಲ್ಲ" ಅಂತ ತುಂಬಾ ಹೆಣ್ಣುಮಕ್ಕಳು ಹಿಂಜರಿಯುತ್ತಾರೆ. ಕಾನೂನು ಆ ಹಿಂಜರಿಕೆಗೆ ನೇರ ಉತ್ತರ ಕೊಟ್ಟಿದೆ. ತೆಗೆಯಲು ಒಪ್ಪಿದ ಮಾತ್ರಕ್ಕೆ ಹಂಚಲು ಒಪ್ಪಿದ ಹಾಗಲ್ಲ ಅಂತ ಸೆಕ್ಷನ್ 77ರ ವಿವರಣೆಯಲ್ಲೇ ಇದೆ. ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಹಾಕಿ, ಇಲ್ಲವೇ ನಿಮ್ಮ ಭಾಗದ ಸಿಇಎನ್ (ಸೈಬರ್ ಅಪರಾಧ) ಠಾಣೆಗೆ ಹೋಗಿ. ನನ್ನ ಅನುಭವದಲ್ಲಿ ಇಂಥವರಲ್ಲಿ ಹೆಚ್ಚಿನವರು ಠಾಣೆಯಿಂದ ಒಂದು ಫೋನ್ ಹೋದ ಕೂಡಲೇ ತಣ್ಣಗಾಗುತ್ತಾರೆ. ಹಾಗಂತ ದೂರು ಬಾಯಿಮಾತಿನಲ್ಲಿ ಬೇಡ. ಬರಹದಲ್ಲೇ ಕೊಡಿ, ಸ್ವೀಕೃತಿ ಪಡೆಯಿರಿ.

ಈಗ ದೊಡ್ಡ ಪ್ರಶ್ನೆ. ಮದುವೆಯಾಗುತ್ತೇನೆ ಅಂದವನು ಆಗದಿದ್ದರೆ ಅದು ಅಪರಾಧವೇ?

ಬರೀ ಅಷ್ಟಕ್ಕೇ ಅಲ್ಲ. ಮಾತು ಮುರಿದದ್ದಕ್ಕೆ ಯಾವ ಕೋರ್ಟೂ ಜೈಲಿಗೆ ಹಾಕುವುದಿಲ್ಲ. ಮಾತು ಕೊಡುವಾಗಲೇ ಅದು ಸುಳ್ಳಾಗಿತ್ತು, ನಡೆಸಿಕೊಡುವ ಮನಸ್ಸು ಅವನಿಗೆ ಆಗಲೇ ಇರಲಿಲ್ಲ ಅಂತ ತೋರಿಸಬೇಕು. ಆ ಸುಳ್ಳನ್ನು ನಂಬಿಯೇ ನೀವು ಸಂಬಂಧಕ್ಕೆ ಒಪ್ಪಿದ್ದು ಅಂತಲೂ ತೋರಿಸಬೇಕು. ಮೊದಲು ಮನಸ್ಸಿದ್ದು ಆಮೇಲೆ ಬದಲಾಯಿತು, ಅಪ್ಪ ಅಮ್ಮ ಒಪ್ಪಲಿಲ್ಲ ಅಂತ ಹಿಂದೆ ಸರಿದ ಅಂದರೆ ಅದು ನಂಬಿಕೆದ್ರೋಹ ಇರಬಹುದು, ಹೇಡಿತನ ಇರಬಹುದು, ಅಪರಾಧ ಆಗುವುದು ಕಷ್ಟ.

ಹಾಗಾಗಿ ನಿಮ್ಮ ಕೇಸಿನಲ್ಲಿ ಕಣ್ಣೀರಿಗಿಂತ ತಾರೀಖಿಗೆ ಬೆಲೆ ಜಾಸ್ತಿ. ಕಟುವಾಗಿ ಕೇಳಿಸಬಹುದು, ಆದರೆ ಇದನ್ನು ಈಗಲೇ ಹೇಳುವುದು ಒಳ್ಳೆಯದು.

ಮೂರು ತೀರ್ಪುಗಳನ್ನು ಹೇಳುತ್ತೇನೆ. ನಿಮ್ಮ ಕಥೆಯ ಒಂದೊಂದು ತುಂಡು ಒಂದೊಂದರಲ್ಲಿದೆ. ಮೊದಲನೆಯದು ನಮ್ಮ ರಾಜ್ಯದ್ದೇ, 2003ರ ಉದಯ್ ಪ್ರಕರಣ. ಅಲ್ಲಿಯೂ ಜಾತಿ ಬೇರೆ. ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟಿತ್ತು, ಹೈಕೋರ್ಟು ಅಪರಾಧ ಆಗಿದೆ ಅಂತ ಎತ್ತಿಹಿಡಿದಿತ್ತು. ಸುಪ್ರೀಂ ಕೋರ್ಟು ಬಿಡುಗಡೆ ಮಾಡಿತು. ಜಾತಿಯ ಕಾರಣಕ್ಕೆ ಮನೆಯವರ ವಿರೋಧ ಬರುತ್ತದೆ ಅಂತ ಹುಡುಗಿಗೆ ಗೊತ್ತಿತ್ತು, ಮದುವೆ ನಡೆಯದೇ ಹೋಗಬಹುದು ಅನ್ನುವುದೂ ಗೊತ್ತಿತ್ತು ಅಂತ ಕೋರ್ಟು ನೋಡಿತು. ಎರಡನೆಯದು 2019ರ ಪ್ರಮೋದ್ ಪವಾರ್ ಪ್ರಕರಣ, ಮಹಾರಾಷ್ಟ್ರದ್ದು. ಹುಡುಗ ಜಾತಿಯ ಮಾತೆತ್ತಿ ಅನುಮಾನ ತೋರಿಸಿದ ಮೇಲೂ ಸಂಬಂಧ ಮುಂದುವರಿದಿತ್ತು. ಆ ಎಫ್‌ಐಆರ್ ರದ್ದಾಯಿತು. ನಾನು ಮೇಲೆ ಹೇಳಿದ ಎರಡು ಪರೀಕ್ಷೆಗಳನ್ನು ಸ್ಪಷ್ಟವಾಗಿ ಇಟ್ಟ ತೀರ್ಪು ಅದೇ.

ಮೂರನೆಯದು ನಿಮಗೆ ಬೇಕಾದದ್ದು. ಅದೂ 2019ರದ್ದೇ, ಛತ್ತೀಸ್‌ಗಢದ ಅನುರಾಗ್ ಸೋನಿ ಪ್ರಕರಣ. ಆ ಮನುಷ್ಯನ ಮದುವೆ ಬೇರೆ ಹುಡುಗಿಯ ಜೊತೆ ಮೊದಲೇ ನಿಶ್ಚಯವಾಗಿತ್ತು. ಅದನ್ನು ಮುಚ್ಚಿಟ್ಟು ಇವಳಿಗೆ ಮಾತು ಕೊಟ್ಟಿದ್ದ. ಅಂದಮೇಲೆ ಮಾತು ಕೊಡುವಾಗಲೇ ಮನಸ್ಸಿರಲಿಲ್ಲ ಅಂತ ಆಯಿತಲ್ಲ. ಸುಪ್ರೀಂ ಕೋರ್ಟು ಅಪರಾಧವನ್ನು ಎತ್ತಿಹಿಡಿಯಿತು, ಶಿಕ್ಷೆಯನ್ನು ಮಾತ್ರ 10 ವರ್ಷದಿಂದ 7 ವರ್ಷಕ್ಕೆ ಇಳಿಸಿತು.

ಈಗ ನಿಮ್ಮ ನಾಲ್ಕು ವರ್ಷವನ್ನು ಮಧ್ಯಕ್ಕೆ ಸೀಳಿ ನೋಡಿ. 2024ರ ನವೆಂಬರ್ ಆ ಗೆರೆ.

ಗೆರೆಯ ಆಚೆ, ಅಂದರೆ 2021ರಿಂದ 2024ರ ನವೆಂಬರ್‌ವರೆಗೆ, ನಿಮ್ಮ ಕೇಸು ತೆಳು. ತಾಯಿಗೆ ಪರಿಚಯ ಮಾಡಿಸಿದ್ದನ್ನು ನೀವು ನಿಮ್ಮ ಬಲ ಅಂದುಕೊಂಡಿದ್ದೀರಿ. ಕೋರ್ಟಿನಲ್ಲಿ ಅದು ಅವನಿಗೂ ಬಲವೇ. "ನನಗೆ ನಿಜವಾಗಿ ಮನಸ್ಸಿತ್ತು, ಅದಕ್ಕೇ ಅಮ್ಮನಿಗೆ ತೋರಿಸಿದ್ದು" ಅಂತ ಅವನ ವಕೀಲರು ಮೊದಲ ದಿನವೇ ಹೇಳುತ್ತಾರೆ. ಜಾತಿ ಬೇರೆ ಅಂತ ನಿಮಗೆ ಮೊದಲೇ ಗೊತ್ತಿತ್ತು ಅಂತ ಉದಯ್ ತೀರ್ಪನ್ನೂ ತೋರಿಸುತ್ತಾರೆ.

ಗೆರೆಯ ಈಚೆ ಚಿತ್ರ ಬೇರೆ. ಹೂ ಮುಡಿಸಿದ ಮೇಲೂ 2025ರ ಸೆಪ್ಟೆಂಬರ್‌ವರೆಗೆ ಅವನು ನಿಮಗೆ ಅದೇ ಮಾತು ಹೇಳುತ್ತಿದ್ದ. ಅದು ಮನಸ್ಸು ಬದಲಾಯಿಸಿದ್ದಲ್ಲ, ಮುಚ್ಚಿಟ್ಟದ್ದು. ಈ ಹತ್ತು ತಿಂಗಳ ಮಟ್ಟಿಗೆ ನಿಮ್ಮ ಕೇಸು ನಿಲ್ಲುತ್ತದೆ ಅಂತ ನನ್ನ ಅಭಿಪ್ರಾಯ. ಈ ಅವಧಿಗೆ ಅನ್ವಯಿಸುವುದು ನ್ಯಾಯ ಸಂಹಿತೆಯ ಸೆಕ್ಷನ್ 69. ನಡೆಸಿಕೊಡುವ ಉದ್ದೇಶವಿಲ್ಲದೆ ಮದುವೆಯ ಮಾತು ಕೊಟ್ಟು ದೈಹಿಕ ಸಂಬಂಧ ಬೆಳೆಸಿದರೆ 10 ವರ್ಷದವರೆಗೆ ಜೈಲು ಮತ್ತು ದಂಡ. ಪೊಲೀಸರು ನೇರವಾಗಿ ಎಫ್‌ಐಆರ್ ಹಾಕಬೇಕಾದ, ಜಾಮೀನು ಹಕ್ಕಾಗಿ ಸಿಗದ ಅಪರಾಧ ಇದು. ಸಂಹಿತೆ ಜಾರಿಗೆ ಬಂದದ್ದು 2024ರ ಜುಲೈ 1ಕ್ಕೆ. ಅದಕ್ಕೂ ಹಿಂದಿನದಕ್ಕೆ ಹಳೆಯ ಐಪಿಸಿಯೇ ಅನ್ವಯ. ಅಲ್ಲಿ ಇಂಥ ಪ್ರತ್ಯೇಕ ಸೆಕ್ಷನ್ ಇರಲಿಲ್ಲ, ಸುಳ್ಳು ಮಾತನ್ನು ನಂಬಿ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಅಂತ ಅತ್ಯಾಚಾರದ ಸೆಕ್ಷನ್ 376ರ ಅಡಿ ಹೋಗಬೇಕಿತ್ತು. ಮೇಲಿನ ಮೂರೂ ತೀರ್ಪುಗಳು ಆ ಕಾಲದವು. ಆದರೆ ಅವು ಕೇಳುವ ಪ್ರಶ್ನೆ, ಮಾತು ಕೊಡುವಾಗ ಮನಸ್ಸಿತ್ತೇ ಅನ್ನುವುದು, ಸೆಕ್ಷನ್ 69ರ ಮಾತಿನಲ್ಲೇ ಇದೆ.

ಇಲ್ಲೊಂದು ಅಪಾಯ. ಠಾಣೆಗೆ ಹೋದರೆ ದೂರು ಹೆಚ್ಚಾಗಿ ಒಂದೇ ಅಚ್ಚಿನಲ್ಲಿ ತಯಾರಾಗುತ್ತದೆ: "ಮದುವೆಯಾಗುವುದಾಗಿ ನಂಬಿಸಿ ನಾಲ್ಕು ವರ್ಷಗಳಿಂದ ಬಲವಂತವಾಗಿ ದೈಹಿಕ ಸಂಪರ್ಕ ಬೆಳೆಸಿ ಮೋಸ ಮಾಡಿರುತ್ತಾನೆ". ಈ ವಾಕ್ಯ ನಿಮ್ಮ ಕೇಸನ್ನು ಕೆಡಿಸುತ್ತದೆ. ನಂಬಿಕೆಯಲ್ಲಿ ಸಂಬಂಧ ಇತ್ತು ಅಂತ ನೀವೇ ಬರೆದಿದ್ದೀರಿ, ಬಲವಂತದ ಮಾತು ಅದರಲ್ಲಿಲ್ಲ. ಇಲ್ಲದ್ದನ್ನು ಸೇರಿಸಿದರೆ ಇರುವುದನ್ನೂ ನಂಬುವುದಿಲ್ಲ. ನಾಲ್ಕು ವರ್ಷವನ್ನೂ ಒಂದೇ ಮೋಸ ಅಂತ ಬರೆದರೆ ಹೈಕೋರ್ಟಿನಲ್ಲಿ ರದ್ದತಿ ಅರ್ಜಿ ಹಾಕಲು ಅವನಿಗೆ ದಾರಿ ಮಾಡಿಕೊಟ್ಟ ಹಾಗೆ. ದೂರನ್ನು ಮನೆಯಲ್ಲೇ, ವಕೀಲರ ಜೊತೆ ಕೂತು, ತಾರೀಖಿನ ಕ್ರಮದಲ್ಲಿ ಬರೆದುಕೊಂಡು ಹೋಗಿ. ಹೂ ಮುಡಿಸಿದ ದಿನ ಯಾವುದು, ಅದಾದ ಮೇಲೆ ಅವನು ಮದುವೆ ಬಗ್ಗೆ ಯಾವ ದಿನ ಏನೇನು ಮೆಸೇಜ್ ಮಾಡಿದ, ಯಾವಾಗ ಭೇಟಿಯಾದಿರಿ, ಅಷ್ಟೂ ಬರಲಿ.

ಠಾಣೆ ಯಾವುದು ಅಂತ ತಲೆ ಕೆಡಿಸಿಕೊಳ್ಳಬೇಡಿ. ವ್ಯಾಪ್ತಿ ಬೇರೆಯಾದರೂ ಝೀರೋ ಎಫ್‌ಐಆರ್ ಹಾಕಿ ವರ್ಗಾಯಿಸಬೇಕು. ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ದಾಖಲಿಸಬೇಕು. ಎಫ್‌ಐಆರ್ ಹಾಕದೆ ಬರೀ ಹಿಂಬರಹ ಕೊಟ್ಟು ಕಳಿಸಿದರೆ ಎಸ್‌ಪಿಗೆ, ಬೆಂಗಳೂರಾದರೆ ಡಿಸಿಪಿಗೆ, ಬರಹದಲ್ಲಿ ದೂರು ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣಪತ್ರದ ಜೊತೆ ಅರ್ಜಿ ಹಾಕಬಹುದು, ನಮ್ಮ ಕೋರ್ಟುಗಳಲ್ಲಿ ಪಿಸಿಆರ್ ಅನ್ನುವುದು ಇದನ್ನೇ. ನಿಮ್ಮ ಹೆಸರು, ಗುರುತು ಪ್ರಕಟಿಸುವುದು ಅಪರಾಧ. ವೈದ್ಯಕೀಯ ಪರೀಕ್ಷೆ ನಿಮ್ಮ ಒಪ್ಪಿಗೆ ಇಲ್ಲದೆ ಆಗುವುದಿಲ್ಲ.

ಆಮೇಲೆ ಏನಾಗುತ್ತದೆ ಅನ್ನುವುದನ್ನೂ ತಿಳಿದುಕೊಂಡೇ ಹೆಜ್ಜೆ ಇಡಿ. ಅವನು ನಿರೀಕ್ಷಣಾ ಜಾಮೀನಿಗೆ ಹೋಗುತ್ತಾನೆ, ಹೆಚ್ಚಾಗಿ ಸಿಗುತ್ತದೆ. ನೀವು ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಡಬೇಕು. ಚಾರ್ಜ್‌ಶೀಟ್ ಆಗಿ ಸೆಷನ್ಸ್ ಕೋರ್ಟಿಗೆ ಬರುವ ಹೊತ್ತಿಗೆ ವರ್ಷ ಕಳೆದಿರುತ್ತದೆ. ಪಾಟಿ ಸವಾಲಿನಲ್ಲಿ ನಿಮ್ಮ ಹಳೆಯ ಮೆಸೇಜುಗಳನ್ನು ಒಂದೊಂದಾಗಿ ಓದುತ್ತಾರೆ. ಹೆದರಿಸಲು ಇದನ್ನು ಬರೆಯುತ್ತಿಲ್ಲ. ಇದೆಲ್ಲ ಬೇಡ ಅನ್ನಿಸಿದರೆ ಸೆಕ್ಷನ್ 69 ಬಿಟ್ಟು, ಫೋಟೊ ಮತ್ತು ಹಣದ ಮೇಲೆ ಮಾತ್ರ ಹೋಗಬಹುದು. ಅದು ಸೋತ ಹಾಗಲ್ಲ. ಇನ್ನೊಂದು ಸಾಧ್ಯತೆಗೂ ಸಿದ್ಧರಾಗಿರಿ. ಎಫ್‌ಐಆರ್ ಆದ ಮೇಲೆ ಹಿರಿಯರು ಕೂತು ರಾಜಿ ಪಂಚಾಯ್ತಿ ಮಾಡಿ, "ಹುಡುಗ ನಿನ್ನನ್ನೇ ಮದುವೆ ಆಗ್ತಾನೆ, ಕೇಸ್ ವಾಪಸ್ ತಗೋ" ಅನ್ನಬಹುದು. ಈ ಅಪರಾಧವನ್ನು ನೀವು ಬರೀ ಸಹಿ ಹಾಕಿ ವಾಪಸ್ ತೆಗೆಯಲು ಬರುವುದಿಲ್ಲ, ಹೈಕೋರ್ಟಿಗೇ ಹೋಗಬೇಕು. ಅದಿರಲಿ, ಜೈಲಿಗೆ ಹೆದರಿ ತಾಳಿ ಕಟ್ಟುವವನ ಜೊತೆ ಸಂಸಾರ ಹೇಗಿರುತ್ತದೆ ಅಂತ ನೀವೇ ಯೋಚಿಸಿ. ಕೇಸು ಮುಗಿಯಲಿ ಅಂತ ಮದುವೆಯಾಗಿ, ಆಮೇಲೆ ಡೈವೋರ್ಸ್ ನೋಟಿಸ್ ಹಿಡಿದುಕೊಂಡು ನನ್ನ ಆಫೀಸಿಗೆ ಬಂದವರನ್ನು ನೋಡಿದ್ದೇನೆ.

ಹಣದ ವಿಷಯಕ್ಕೆ ಬರೋಣ. ನಿಮ್ಮ ಹತ್ತಿರ ಇರುವುದರಲ್ಲಿ ಇದೇ ಗಟ್ಟಿ ಕಾಗದ.

3 ಲಕ್ಷದ ಸಾಲ ನೋಡಿ. ಅದು 2025ರ ಫೆಬ್ರವರಿ, ಅಂದರೆ ಹೂ ಮುಡಿಸಿ ಮೂರು ತಿಂಗಳಾದ ಮೇಲೆ. "ನಮ್ಮಿಬ್ಬರ ಹೆಸರಲ್ಲಿ ಸೈಟ್" ಅಂದದ್ದು ಆ ದಿನವೇ ಸುಳ್ಳು. ಇದು ಸೆಕ್ಷನ್ 318(4), ವಂಚನೆ, ಹಿಂದಿನ 420. 7 ವರ್ಷದವರೆಗೆ ಶಿಕ್ಷೆ. ಹಣದ ವಿಷಯ ಅಂದರೆ ಪೊಲೀಸರು "ಇದು ಸಿವಿಲ್, ಕೋರ್ಟಿಗೆ ಹೋಗಿ" ಅನ್ನುವುದು ವಾಡಿಕೆ. ಹೂ ಮುಡಿಸಿದ ಫೋಟೊ ಮತ್ತು ಸೈಟಿನ ಮೆಸೇಜನ್ನು ಪಕ್ಕಪಕ್ಕ ಇಟ್ಟರೆ ಆ ಮಾತು ಹೇಳುವುದು ಕಷ್ಟ. ಲೇಔಟ್ ಹೆಸರು, ಸೈಟ್ ನಂಬರ್ ಏನಾದರೂ ಹೇಳಿದ್ದನೇ? ಹೇಳಿದ್ದರೆ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇಸಿ (ಋಣಭಾರ ಪತ್ರ) ತೆಗೆಸಿ. ಸೈಟೇ ಇಲ್ಲ, ಅಥವಾ ಬೇರೆಯವರ ಹೆಸರಲ್ಲಿ ನೋಂದಣಿ ಆಗಿದೆ ಅಂತ ಬಂದರೆ ಆ ಒಂದು ಹಾಳೆ ಹತ್ತು ಸಾಕ್ಷಿಗೆ ಸಮ. ಒಂದು ಎಚ್ಚರಿಕೆ: ಬ್ಯಾಂಕಿಗೆ ನೀವೇ ಸಾಲಗಾರರು. ಮೋಸ ಹೋದೆ ಅಂತ ಇಎಂಐ ನಿಲ್ಲಿಸಿದರೆ ಕೆಡುವುದು ನಿಮ್ಮ ಸಿಬಿಲ್ ಸ್ಕೋರ್. ಕಟ್ಟುತ್ತಾ ಹೋಗಿ, ಬಡ್ಡಿಯನ್ನೂ ಸೇರಿಸಿ ಅವನಿಂದ ಕೇಳೋಣ.

ಅಕ್ಕನ ಮದುವೆಗೆ ಕೊಟ್ಟ ಒಂದೂವರೆ ಲಕ್ಷ ಸ್ವಲ್ಪ ಪೇಚಿನದು. ಕೈಸಾಲ ವಸೂಲಿ ದಾವೆಗೆ ಕೊಟ್ಟ ದಿನದಿಂದ 3 ವರ್ಷ ಗಡುವು. ನೀವು ಕೊಟ್ಟದ್ದು 2022ರ ಆಗಸ್ಟ್, ಗಡುವು 2025ರ ಆಗಸ್ಟ್‌ಗೆ ಮುಗಿದಿದೆ. ಆದರೆ ಆ ಮೂರು ವರ್ಷದ ಒಳಗೆ ಅವನು ಸಾಲ ಇದೆ ಅಂತ ಬರಹದಲ್ಲಿ ಒಪ್ಪಿಕೊಂಡಿದ್ದರೆ, ಆ ದಿನದಿಂದ ಹೊಸದಾಗಿ 3 ವರ್ಷ ಸಿಗುತ್ತದೆ. ಹಾಗಾಗಿ ವಾಟ್ಸಾಪ್‌ನಲ್ಲಿ ಹುಡುಕಿ. "ಒಂದೂವರೆ ಲಕ್ಷ ಬೋನಸ್ ಬಂದಾಗ ಕೊಡ್ತೀನಿ" ಅನ್ನುವಂಥ ಒಂದು ಸಾಲು ಸಿಕ್ಕರೂ ಸಾಕು. ಕಾನೂನು ಸಹಿ ಮಾಡಿದ ಬರಹ ಕೇಳುತ್ತದೆ. ವಾಟ್ಸಾಪ್ ಅದಕ್ಕೆ ಸಮ ಅಂತ ನಾವು ವಾದಿಸಬೇಕು, ಅವರು ತಕರಾರು ತೆಗೆದೇ ತೆಗೆಯುತ್ತಾರೆ. ಇನ್ನು ಹುಟ್ಟುಹಬ್ಬದ ವಾಚು, ಹೋಟೆಲ್ ಬಿಲ್ಲು, ಹಬ್ಬಕ್ಕೆ ಕೊಡಿಸಿದ ಬಟ್ಟೆ ಬಿಟ್ಟುಬಿಡಿ. ಅವು ಉಡುಗೊರೆ.

ಸರ ಗಿರವಿ ಇಟ್ಟದ್ದು ಯಾರ ಹೆಸರಲ್ಲಿ? ನಂಬಿ ಕೊಟ್ಟ ವಸ್ತುವನ್ನು ತನ್ನದಾಗಿಸಿಕೊಂಡರೆ ಸೆಕ್ಷನ್ 316, ನಂಬಿಕೆದ್ರೋಹ. ಸರ ಕೊಂಡಾಗಿನ ಬಿಲ್ಲು, ಅದನ್ನು ಹಾಕಿಕೊಂಡ ಹಳೆಯ ಫೋಟೊ ತೆಗೆದಿಡಿ.

ಕ್ರಿಮಿನಲ್ ಕೇಸು ಹಾಕಿದರೆ ಹಣ ತಾನಾಗಿ ಬರುವುದಿಲ್ಲ. ಹಣಕ್ಕೆ ಲಾಯರ್ ನೋಟಿಸ್, ಆಮೇಲೆ ಸಿವಿಲ್ ದಾವೆ. ಅದಕ್ಕೂ ಮೊದಲು ಕಾನೂನು ಸೇವಾ ಪ್ರಾಧಿಕಾರದ ಮೂಲಕ ಲೋಕ ಅದಾಲತ್‌ಗೆ ತರಬಹುದು. ಅಲ್ಲಿ ಒಪ್ಪಂದ ಆದರೆ ಅದು ಕೋರ್ಟಿನ ಡಿಕ್ರಿಗೆ ಸಮ, ಅಪೀಲು ಇಲ್ಲ. ಮದುವೆ ಹತ್ತಿರ ಇರುವಾಗ ಹಣದ ವಿಷಯ ಬೇಗ ಇತ್ಯರ್ಥ ಆಗುವುದುಂಟು, ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ಚೆಕ್ ಕೊಟ್ಟರೆ ತೆಗೆದುಕೊಳ್ಳಿ, ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138 ಇದೆ.

ಮದುವೆ ನಿಲ್ಲಿಸಬಹುದಾ ಅಂದರೆ, ಇಲ್ಲ. ನಿಮ್ಮನ್ನೇ ಮದುವೆಯಾಗು ಅಂತಲೂ ಯಾವ ಕೋರ್ಟೂ ಹೇಳುವುದಿಲ್ಲ. ಮಾತು ಮುರಿದದ್ದಕ್ಕೆ ಸಿವಿಲ್ ಪರಿಹಾರ ಕೇಳಲು ಕಾನೂನಿನಲ್ಲಿ ಜಾಗ ಇದೆ, ಆದರೆ ಛತ್ರದ ಅಡ್ವಾನ್ಸ್, ಜವಳಿ ಅಂತ ಲೆಕ್ಕ ತೋರಿಸಬಹುದಾದ ಖರ್ಚು ಇಲ್ಲದೆ ಅದರಿಂದ ಹೆಚ್ಚು ಸಿಗುವುದಿಲ್ಲ. ಅವನಿಗೆ ಮೊದಲೇ ಮದುವೆಯಾಗಿದ್ದು ಅದನ್ನು ಮುಚ್ಚಿಟ್ಟು ನಿಮ್ಮನ್ನು ಮದುವೆಯಾಗಿದ್ದರೆ ಸೆಕ್ಷನ್ 82 ಬರುತ್ತಿತ್ತು. ಒಟ್ಟಿಗೆ ಸಂಸಾರ ಹೂಡಿದ್ದರೆ ಕೌಟುಂಬಿಕ ದೌರ್ಜನ್ಯ ಕಾಯ್ದೆ ನೋಡಬಹುದಿತ್ತು. ನಿಮಗೆ ಎರಡೂ ಅನ್ವಯಿಸುವುದಿಲ್ಲ. ನೀವು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದು ಅವನು ಅಲ್ಲದಿದ್ದರೆ, ಅದನ್ನು ವಕೀಲರಿಗೆ ಮೊದಲೇ ತಿಳಿಸಿ. ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸಿದರೆ ನಿರೀಕ್ಷಣಾ ಜಾಮೀನಿನ ಲೆಕ್ಕವೇ ಬೇರೆ.

ಆ ಹುಡುಗಿಗೆ ವಿಷಯ ತಿಳಿಸಬೇಕು ಅನ್ನಿಸುವುದು ಸಹಜ. ಅವಳದ್ದೇನೂ ತಪ್ಪಿಲ್ಲ, ಅವಳಿಗೂ ಗೊತ್ತಿಲ್ಲದೇ ಇರಬಹುದು. ಆದರೆ ಛತ್ರಕ್ಕೆ ಹೋಗಿ ಗಲಾಟೆ ಮಾಡುವುದು, ನಿಮ್ಮಿಬ್ಬರ ಫೋಟೊ ಕಳಿಸುವುದು, ಸ್ಟೇಟಸ್ ಹಾಕುವುದು ಬೇಡವೇ ಬೇಡ. ಮಾನಹಾನಿ ಅಂತ ತಿರುಗಿ ದೂರು ಬರುತ್ತದೆ. "ದುಡ್ಡು ಕೊಡದಿದ್ರೆ ರೇಪ್ ಕೇಸ್ ಹಾಕ್ತೀನಿ" ಅಂತ ಸಿಟ್ಟಿನಲ್ಲೂ ಬರೆಯಬೇಡಿ. ಅದನ್ನು ಸುಲಿಗೆ ಅಂತ ತೋರಿಸುತ್ತಾರೆ. ಅವನ ಫೇಸ್‌ಬುಕ್, ಜಿಮೇಲ್ ಪಾಸ್‌ವರ್ಡ್ ನಿಮಗೆ ಗೊತ್ತಿದ್ದರೂ ಒಳಗೆ ಹೋಗಬೇಡಿ. ಹಾಗೆ ತಂದ ಸಾಕ್ಷಿಗಿಂತ ನಿಮ್ಮ ಮೇಲೆ ಬೀಳುವ ಐಟಿ ಕಾಯ್ದೆಯ ದೂರೇ ದೊಡ್ಡದಾಗುತ್ತದೆ.

ಗಂಡಸರೂ ಇಂಥ ಪತ್ರ ಬರೆಯುತ್ತಾರೆ. ಸೆಕ್ಷನ್ 69 ಅವರಿಗೆ ಸಿಗುವುದಿಲ್ಲ. ವಂಚನೆ, ನಂಬಿಕೆದ್ರೋಹ, ಬೆದರಿಕೆ, ಐಟಿ ಕಾಯ್ದೆಗೆ ಗಂಡು ಹೆಣ್ಣಿನ ಭೇದ ಇಲ್ಲ.

ವಕೀಲರ ಫೀಸಿನ ಚಿಂತೆ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟಿನಲ್ಲೇ ಸಮಿತಿ ಇರುತ್ತದೆ, ಜಿಲ್ಲಾ ಕೋರ್ಟಿನಲ್ಲಿ ಪ್ರಾಧಿಕಾರ ಇರುತ್ತದೆ. ರಾಜ್ಯ ಕಚೇರಿ ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿದೆ. 15100ಕ್ಕೆ ಫೋನ್ ಮಾಡಿದರೂ ಆಯಿತು. ಮಾತಾಡಲು ಯಾರಾದರೂ ಬೇಕು ಅನ್ನಿಸಿದರೆ ಮಹಿಳಾ ಸಹಾಯವಾಣಿ 181.

ಮನೆಯಲ್ಲಿ ಹೇಳುವುದು ನಿಮಗೆ ಬಿಟ್ಟದ್ದು. ನಿಮಗೆ 29 ವರ್ಷ, ದೂರು ಕೊಡಲು ಯಾರ ಅನುಮತಿಯೂ ಬೇಕಿಲ್ಲ. ಆದರೆ ಸಮನ್ಸು ಊರಿನ ವಿಳಾಸಕ್ಕೆ ಹೋಗಿ ಅಪ್ಪನ ಕೈಗೆ ಸಿಗುವುದಕ್ಕಿಂತ, ಮೊದಲೇ ಅಮ್ಮನಿಗೋ ಅಕ್ಕನಿಗೋ ಒಬ್ಬರಿಗಾದರೂ ಹೇಳಿಬಿಡಿ. ದೂರಿನಲ್ಲಿ ಬೆಂಗಳೂರಿನ ವಿಳಾಸವನ್ನೇ ಕೊಡಿ.

ವಕೀಲರ ಹತ್ತಿರ ಮೊದಲ ಸಲ ಹೋಗುವಾಗ ಹಳೆಯ ಫೋನನ್ನೇ ತೆಗೆದುಕೊಂಡು ಹೋಗಿ. ಮಾರಬೇಡಿ, ರೀಸೆಟ್ ಮಾಡಬೇಡಿ. ಸ್ಕ್ರೀನ್‌ಶಾಟ್ ಪ್ರಿಂಟ್ ಮಾತ್ರ ಸಾಲದು. ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಜೊತೆಗಿರಬೇಕು, ಅದರಲ್ಲಿ ಒಂದು ಭಾಗಕ್ಕೆ ನೀವು, ಇನ್ನೊಂದಕ್ಕೆ ತಜ್ಞರು ಸಹಿ ಹಾಕಬೇಕು. ಅವನ ಜೊತೆಗಿನ ವಾಟ್ಸಾಪ್ ಚಾಟನ್ನು ಪೂರ್ತಿ ಎಕ್ಸ್‌ಪೋರ್ಟ್ ಮಾಡಿ, ನಿಮಗೆ ಮುಜುಗರ ಆಗುವ ಭಾಗವನ್ನೂ ಸೇರಿಸಿ. ಮಧ್ಯೆ ಕತ್ತರಿಸಿದ್ದು ಅವನ ಫೋನಿನಲ್ಲಿ ಇದ್ದೇ ಇರುತ್ತದಲ್ವಾ. ಬ್ಯಾಂಕ್ ಸ್ಟೇಟ್‌ಮೆಂಟಿಗೆ ಶಾಖೆಯ ಮೊಹರು ಹಾಕಿಸಿ. ಆ ಫೇಸ್‌ಬುಕ್ ಫೋಟೊವನ್ನು ಹಾಕಿದವರ ಹೆಸರು, ತಾರೀಖು, ಲಿಂಕ್ ಮೂರೂ ಕಾಣುವ ಹಾಗೆ ಇವತ್ತೇ ಉಳಿಸಿಕೊಳ್ಳಿ. ನೀವು ದೂರು ಕೊಟ್ಟಿದ್ದೀರಿ ಅಂತ ಗೊತ್ತಾದ ದಿನ ಅದು ಅಲ್ಲಿ ಇರುವುದಿಲ್ಲ.